ಜಂಗಮವಾಣಿಯೂ ಗಣಿಯ ಗಂಟೆಯೂ

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ನಾವು ಕೋಲಾರ ಜಿಲ್ಲೆಯ ಬಂಗಾರಪೇಟೆಗೆ ಹೋಗಬೇಕಾಯಿತು. ಬೆಂಗಳೂರಿನಿಂದ ರೈಲಿನಲ್ಲಿ ಸುಮಾರು 70 ಕಿಲೋಮೀಟರ್ ಪ್ರಯಾಣ. ನಮ್ಮೆದುರಿಗೆ ಕುಳಿತಿದ್ದ ಗೃಹಸ್ಥರೊಬ್ಬರು ದಂಡು ನಿಲ್ದಾಣ ದಾಟುವ ಮೊದಲೇ ಕಿವಿಗೆ ಫೋನು ಹಚ್ಚಿದರು. ವೈಟ್‌ಫೀಲ್ಡ್ ಬರುವಷ್ಟರಲ್ಲಿ ಅವರ ತಂಗಿಯ ಮಗಳಿಗೆ ನೋಡಿದ ವರ, ಆ ವರನ ಸಂಬಳ, ವರನ ತಂದೆಗಿರುವ ಸಾಲ, ಸಾಲಕ್ಕೆ ಕಾರಣನಾದ ಚಿಕ್ಕಪ್ಪ ಇಷ್ಟೂ ಸಂಗತಿಗಳು ಬೋಗಿಯ ಸಮಸ್ತರಿಗೂ ತಿಳಿದುಹೋದವು. ಮಾಲೂರಿನಲ್ಲಿ ಅವರು "ಈ ಮಾತು ನಮ್ಮಿಬ್ಬರಲ್ಲೇ ಇರಲಿ, ಯಾರ ಕಿವಿಗೂ ಬೀಳಬಾರದು" ಎಂದು ಗಂಭೀರವಾಗಿ ಎಚ್ಚರಿಸಿ ಫೋನನ್ನು ಜೇಬಿಗಿಟ್ಟರು. ನಾವು ಅವರ ಮಾತಿಗೆ ಬೆಲೆ ಕೊಟ್ಟು ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತಿರುವುದು ವಾಚಕ ಬಂಧುಗಳಿಗೆ ಮಾತ್ರ; ಅವರು ನಮ್ಮವರೇ ಆದ್ದರಿಂದ ದೋಷವಿಲ್ಲ.

ಈ ಯಂತ್ರಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಸಂಚಾರಿ ದೂರವಾಣಿ ಎನ್ನುವರು, ಚರವಾಣಿ ಎನ್ನುವರು. ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ಹಿಡಿಸಿದ್ದು 'ಜಂಗಮವಾಣಿ' ಎಂಬ ಹೆಸರು. ಯಾವ ಪುಣ್ಯಾತ್ಮರು ಇದನ್ನು ಟಂಕಿಸಿದರೋ, ಅವರಿಗೆ ನಮ್ಮ ಶರಣಾರ್ಥಿ. ಮನೆಯ ಮೂಲೆಯಲ್ಲಿ ಕಸೂತಿ ಹೊದ್ದು ಕುಳಿತಿರುತ್ತಿದ್ದ ಹಳೆಯ ಫೋನು ಸ್ಥಾವರ. ಜೇಬಿನಲ್ಲಿ ಊರೂರು ಸುತ್ತುವ ಇದು ಜಂಗಮ! ನಮ್ಮ ನಾಡಿಗೆ ಹೆಸರಿಡುವ ಜಾಣ್ಮೆ ಹೊಸತೇನಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆರಂಭಿಸಿದ ಬಾನುಲಿ ಕೇಂದ್ರದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತಲ್ಲವೇ?

ಆದರೆ ಜಂಗಮವೆಂಬ ಪದ ಕೇಳಿದಾಗ ನಮಗೆ ಬಾಲ್ಯದ ನೆನಪು ಬರುತ್ತದೆ. ಜೋಳಿಗೆ, ಬೆತ್ತ ಹಿಡಿದು ಊರಿಂದೂರಿಗೆ ನಡೆಯುತ್ತಿದ್ದ ಜಂಗಮರು ಭಿಕ್ಷೆಯೊಡನೆ ಸುದ್ದಿಯನ್ನೂ ಹೊತ್ತು ತರುತ್ತಿದ್ದರು. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಎತ್ತು ಸತ್ತಿತು, ಕೊಟ್ಟ ಊರಿನಲ್ಲಿ ಮಗಳು ಸುಖವಾಗಿರುವಳೇ ಎಂಬುದೆಲ್ಲ ಅವರಿಂದ ತಿಳಿಯಬೇಕು. ಹೇಳಬೇಕಾದುದನ್ನು ಹೇಳಿ, ಹೇಳಬಾರದುದನ್ನು ನುಂಗಿಕೊಳ್ಳುವ ವಿವೇಕ ಅವರಿಗಿತ್ತು. ಇಂದಿನ ಜಂಗಮವಾಣಿಗೆ ಮೊದಲನೆಯ ಗುಣ ಉಂಟು. ಎರಡನೆಯದನ್ನು ಅದನ್ನು ತಯಾರಿಸಿದವರು ಮರೆತಂತೆ ಕಾಣುತ್ತದೆ.

ಬಂಗಾರಪೇಟೆ ಎಂಬ ಹೆಸರಿನಲ್ಲೂ ಒಂದು ಸ್ವಾರಸ್ಯವಿದೆ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಇದು ಹಿಂದೆ ಬೌರಿಂಗ್‌ಪೇಟೆಯಾಗಿತ್ತು. ಕಾಲಾನಂತರ ಸಾಹೇಬರು ಹೋಗಿ ಬಂಗಾರ ಬಂತು. ಪೇಟೆಯಲ್ಲಿ ಅಗೆದರೆ ಮಣ್ಣೇ ಸಿಕ್ಕೀತು. ಬಂಗಾರವಿದ್ದದ್ದು ಕವಲು ದಾರಿಯ ರೈಲಿನಲ್ಲಿ ಹೋದರೆ ಸಿಗುವ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ಕಡೆಗೆ. ಆ ಕವಲು ಹಳಿಯನ್ನು 1894ರಲ್ಲಿ ಗಣಿಗಳಿಗಾಗಿಯೇ ಹಾಕಿದರು. ಬೌರಿಂಗ್ ಹೋಗಿ ಬಂಗಾರವಾದುದನ್ನು ನೋಡಿದರೆ, ಜಾಹೀರಾತಿನ ಶಾಸ್ತ್ರ ಓದದೆಯೂ ನಮ್ಮ ಜನ ಅದರಲ್ಲಿ ಪಂಡಿತರೆಂದು ಹೇಳಬಹುದು.

ಈಗ ಆ ಹೆಸರನ್ನು ನಾಡಿಗೆಲ್ಲ ಸಾರುತ್ತಿರುವುದು ಬಂಗಾರವಲ್ಲ, ಪಾನಿಪುರಿ. ಬೆಂಗಳೂರಿನ ಬೀದಿಬೀದಿಗಳಲ್ಲಿ 'ಬಂಗಾರಪೇಟೆ ಪಾನಿಪುರಿ' ಎಂಬ ಫಲಕಗಳನ್ನು ವಾಚಕರು ನೋಡಿರಬಹುದು. ಉಳಿದೆಡೆಯ ಹಸಿರು ಪಾನಿಯಂತಲ್ಲದೆ ಇಲ್ಲಿನದು ಕುಡಿಯುವ ನೀರಿನಂತೆ ತಿಳಿಯಾಗಿರುತ್ತದೆ. ನೋಡಲು ಗಂಗೆ, ನಾಲಿಗೆಗೆ ಅಗ್ನಿ. ನಮಗೆ ಊಟ ಬಡಿಸುತ್ತಿದ್ದ ಮನೆಯ ಹುಡುಗ "ಒಂದೇ ಒಂದು ತಿನ್ನಿ ಶಾಸ್ತ್ರಿಗಳೇ" ಎಂದು ಒತ್ತಾಯಿಸಿದ. ನೀರು ನಿರ್ಮಲವಾಗಿದೆಯೆಂದು ನಂಬಿ ತಿಂದೆವು. ಅಂದಿನ ಸಂಜೆಯ ಪ್ರವಚನದ ಮೊದಲ ಹತ್ತು ನಿಮಿಷ ನಮ್ಮ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಭಕ್ತಿಯ ಆವೇಶವೆಂದು ತಿಳಿದ ಇಬ್ಬರು ತಾಯಂದಿರು ತಾವೂ ಕಣ್ಣೊರೆಸಿಕೊಂಡರು. ತೋರಿಕೆಗೂ ಇರವಿಗೂ ಇರುವ ಅಂತರದ ಬಗ್ಗೆ ಅಂದು ಮಾತನಾಡಬೇಕಿತ್ತು. ದೃಷ್ಟಾಂತ ಹೊಟ್ಟೆಯಲ್ಲೇ ಇತ್ತು.

ಮರುದಿನ ಆ ಹುಡುಗನೊಡನೆ ಚಿನ್ನದ ಗಣಿಯ ಊರುಗಳನ್ನು ನೋಡಲು ಹೋದೆವು. ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಸುಮಾರು 92 ಮೈಲು ದೂರ ತಂತಿಯಲ್ಲಿ ಹರಿದು 1902ರ ಜೂನ್ 30ರಂದು ಇಲ್ಲಿನ ಗಣಿಗಳನ್ನು ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಕಾರ್ಯವದು. ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಉರಿದದ್ದು 1905ರಲ್ಲಿ. ಅಂದರೆ ರಾಜಧಾನಿಯವರು ಕಂದೀಲು ಒರೆಸುತ್ತಿದ್ದಾಗ ಇಲ್ಲಿ ಸ್ವಿಚ್ಚು ಒತ್ತುತ್ತಿದ್ದರು. ಆ ತಂತಿ ತಲೆಯ ಮೇಲೆಯೇ ಹಾದುಹೋದ ಎಷ್ಟೋ ಹಳ್ಳಿಗಳಲ್ಲಿ ಮಾತ್ರ ಬಹುಕಾಲ ಎಣ್ಣೆದೀಪವೇ ಗತಿ. ಹೊಸ ವಿದ್ಯೆ ನಮ್ಮ ಮನೆಯ ಮೇಲೆ ಹಾದುಹೋಗುವುದು ಬೇರೆ, ಮನೆಯೊಳಕ್ಕೆ ಬರುವುದು ಬೇರೆ ಎಂಬ ಮಾತನ್ನು ನಾವು ಆ ಕಂಬಗಳಿಂದ ಕಲಿಯಬಹುದು.

ಇನ್ನೊಂದು ಸಂಗತಿ ನಮ್ಮನ್ನು ಬೆರಗುಗೊಳಿಸಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದ್ದು. ಅದರಲ್ಲಿ ಸುಮಾರು 2.3 ಕಿಲೋಮೀಟರ್ ಕೆಳಗೆ ಉಪಕರಣಗಳನ್ನಿಟ್ಟು ಕುಳಿತ ವಿಜ್ಞಾನಿಗಳು 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣಗಳ ಗುರುತು ಕಂಡುಹಿಡಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರ ಜೊತೆ ಜಪಾನಿನವರೂ ಇಂಗ್ಲೆಂಡಿನವರೂ ಆ ಕೆಲಸದಲ್ಲಿದ್ದರು. ಭೂಮಿಯನ್ನೇ ತೂರಿ ಹೋಗಬಲ್ಲ ಕಣಗಳವು. ಬಾನಿನ ಸುದ್ದಿ ಪಾತಾಳದಲ್ಲಿ ಕೇಳಿಸಿದ ಊರು ಇದು! ಹೀಗಿದ್ದೂ ನಾವು ಇಳಿದುಕೊಂಡಿದ್ದ ಮನೆಯ ಅಡುಗೆಮನೆಗೆ ಹೋದರೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮನೆಯ ಸೊಸೆ ಮಾತನಾಡಬೇಕಾದರೆ ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಫೋನು ಹಿಡಿದು ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಎಡಗಾಲು ಹೊರಗೆ, ಬಲಗಾಲು ಒಳಗೆ ಇಟ್ಟು ನಿಲ್ಲಬೇಕು. ಕಾಲು ಬದಲಿಸಿದರೆ ಮಾತು ಕಡಿಯುತ್ತದೆಯಂತೆ.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಂದಿನಿಂದ ಇಲ್ಲಿನ ಸಹಸ್ರಾರು ಮಂದಿ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಹೋಗುವವರನ್ನೂ ಬರುವವರನ್ನೂ ದಾರಿಯುದ್ದಕ್ಕೂ ಎದುರುಗೊಳ್ಳುವ ಜಾಹೀರಾತುಗಳನ್ನು ನಾವು ಎಣಿಸಿದೆವು. ಅವುಗಳಲ್ಲಿ ಹೆಚ್ಚಿನವು ಏನೆನ್ನುವಿರಿ? 'ನಿಮ್ಮ ಬಂಗಾರವನ್ನು ನಮ್ಮಲ್ಲಿ ಅಡವಿಡಿ, ಕ್ಷಣದಲ್ಲಿ ಹಣ ಪಡೆಯಿರಿ' ಎಂಬಂಥವು. ನೂರಿಪ್ಪತ್ತು ವರ್ಷಗಳಲ್ಲಿ ಭೂಮಿಯಿಂದ ಎಂಟುನೂರು ಟನ್ನಿಗೂ ಮಿಕ್ಕಿ ಚಿನ್ನ ತೆಗೆದುಕೊಟ್ಟ ಜನರ ಮೊಮ್ಮಕ್ಕಳಿಗೆ, ಕೊರಳಲ್ಲಿರುವ ಎರಡೆಳೆಯನ್ನೂ ಬಿಚ್ಚಿಕೊಡಿರೆಂದು ಗೋಡೆಗಳು ನಗುನಗುತ್ತಾ ಕೇಳುತ್ತಿವೆ. ಆ ಫಲಕದ ಸುಂದರಿಯ ಮೈಮೇಲಂತೂ ಒಂದು ಸಣ್ಣ ಗಣಿಯಷ್ಟು ಒಡವೆಯಿತ್ತು. ಅವಳು ಮಾತ್ರ ಏನನ್ನೂ ಅಡವಿಟ್ಟಂತೆ ಕಾಣಲಿಲ್ಲ.

ಬೂದುಬಣ್ಣದ ಸಯನೈಡ್ ದಿಬ್ಬಗಳ ಬಳಿ ಯುವಕರ ಗುಂಪೊಂದು ಫೋನು ಎತ್ತಿ ಹಿಡಿದು ತಮ್ಮ ಚಿತ್ರ ತಾವೇ ತೆಗೆದುಕೊಳ್ಳುತ್ತಿತ್ತು. 2018ರಲ್ಲಿಯೂ 2022ರಲ್ಲಿಯೂ ತೆರೆಕಂಡ ಸಿನಿಮಾದಿಂದ ಈ ಊರಿನ ಮೂರಕ್ಷರದ ಹೆಸರು ದೇಶಕ್ಕೆಲ್ಲ ಪರಿಚಯವಾಗಿದೆ. ನಮ್ಮೊಡನಿದ್ದ ಹುಡುಗನನ್ನು ಅವರಲ್ಲೊಬ್ಬ "ನೀನು ಇದೇ ಊರಿನವನೇ? ಹಾಗಾದರೆ ಸಿನಿಮಾದಲ್ಲಿ ತೋರಿಸಿದ್ದೆಲ್ಲ ಎಲ್ಲಿದೆ?" ಎಂದು ಕೇಳಿದ. ಹುಡುಗ, "ಅದೆಲ್ಲ ಸಿನಿಮಾದಲ್ಲಿದೆ ಅಣ್ಣ. ಇಲ್ಲಿ ನಮ್ಮ ತಾತ ಕೆಲಸ ಮಾಡುತ್ತಿದ್ದರು" ಎಂದ. ಆ ಉತ್ತರ ನಮಗೆ ಬಹಳ ಹಿಡಿಸಿತು. ಪ್ರಶ್ನೆ ಕೇಳಿದಾತ ಅಷ್ಟರಲ್ಲಿ ಚಿತ್ರ ಕಳುಹಿಸುವುದರಲ್ಲಿ ಮಗ್ನನಾಗಿದ್ದ.

ಜಾಹೀರಾತನ್ನು ದೂರಿದರೆ ಸಾಲದು. ಅದು ನಮ್ಮ ಪತ್ರಗಳ ಮೇಲೂ ಬಹು ಹಿಂದೆಯೇ ಏರಿ ಕುಳಿತಿದೆ. 2002ರಲ್ಲಿ ಅಂಚೆ ಇಲಾಖೆಯವರು 'ಮೇಘದೂತ' ಎಂಬ ಕಾರ್ಡನ್ನು 25 ಪೈಸೆಗೆ ತಂದರು. ವಿಳಾಸ ಬರೆಯುವ ಬದಿಯಲ್ಲಿ ಜಾಹೀರಾತು, ಅದರ ಹಣದಿಂದ ನಮಗೆ ಬೆಲೆಯಲ್ಲಿ ಸೋಡಿ. ಕಾಳಿದಾಸನ ಯಕ್ಷನು ಮೋಡದ ಕೈಲಿ ಸಂದೇಶ ಕಳುಹಿಸುವಾಗ ಮೋಡದ ಬೆನ್ನಮೇಲೆ ಸಾಬೂನಿನ ಚಿತ್ರವಿದ್ದಿದ್ದರೆ ವಿರಹಿಣಿಯಾದ ಯಕ್ಷಿ ಮೊದಲು ಏನನ್ನು ಓದುತ್ತಿದ್ದಳೋ! ನಾವು ಮಠದಲ್ಲಿ ಓದುತ್ತಿದ್ದ 1970ರ ದಶಕದಲ್ಲಿ ತಿಂಗಳಿಗೊಂದು ಕಾರ್ಡು ಮನೆಗೆ ಬರೆಯುವುದು ಕಡ್ಡಾಯ. ಕಾರ್ಡಿನಲ್ಲಿ ಜಾಗ ಕಡಿಮೆ. 'ಉಭಯ ಕುಶಲೋಪರಿ' ಬರೆದ ಮೇಲೆ ಉಳಿಯುತ್ತಿದ್ದ ನಾಲ್ಕು ಸಾಲಿನಲ್ಲಿ ತಿಂಗಳ ಕಥೆಯೆಲ್ಲ ಅಡಗಬೇಕು. ಆದ್ದರಿಂದ ಬರೆಯುವ ಮೊದಲು ಯೋಚಿಸುತ್ತಿದ್ದೆವು. ಈಗ ಜಾಗಕ್ಕೆ ಮಿತಿಯಿಲ್ಲ, ಹೀಗಾಗಿ ಯೋಚನೆಗೂ ಅವಕಾಶವಿಲ್ಲ.

ತಂತಿಯ ವಿಷಯವೂ ಹಾಗೆಯೇ. ಊರಿಗೆ ತಂತಿ ಬಂತೆಂದರೆ ಒಡೆದು ಓದುವ ಮೊದಲೇ ಅಳು ಆರಂಭ. ಒಮ್ಮೆ ನಮ್ಮ ಓಣಿಯಲ್ಲಿ ಹೀಗೆ ಅರ್ಧ ಗಂಟೆ ಅತ್ತು ಮುಗಿದ ಬಳಿಕ, ಶಾಲೆಯ ಮೇಷ್ಟ್ರು ಬಂದು ಓದಿ ನೋಡಿದರೆ ಮಗನಿಗೆ ನೌಕರಿ ಸಿಕ್ಕಿತ್ತು. ಬಂದ ಬಂಧುಗಳು ಅದೇ ಕಣ್ಣೀರಿನಲ್ಲಿ ಪಾಯಸ ಉಂಡು ಹೋದರು. ಮದುವೆ ಹಬ್ಬಗಳ ಶುಭಾಶಯಕ್ಕೆ ಅಂಚೆಯವರಲ್ಲಿ ಸಿದ್ಧವಾಕ್ಯಗಳ ಪಟ್ಟಿಯೇ ಇತ್ತು. ಅಂಕಿ ಹೇಳಿದರೆ ಸಾಕು, ವಾಕ್ಯ ತಲುಪುತ್ತಿತ್ತು. 2013ರ ಜುಲೈ ತಿಂಗಳಲ್ಲಿ ತಂತಿ ಸೇವೆ ನಿಂತಿತು. ಆದರೆ ಸಿದ್ಧವಾಕ್ಯಗಳ ಆತ್ಮ ದೇಹ ಬದಲಿಸಿ ವಾಟ್ಸ್‌ಆ್ಯಪಿನಲ್ಲಿ ಪುನರ್ಜನ್ಮ ಪಡೆದಿದೆ. ಬೆಳಗಾದರೆ ಗುಲಾಬಿ ಹೂವಿನ ಮೇಲೆ 'ಶುಭೋದಯ'. ಅದನ್ನು ಕಳುಹಿಸಿದವರು ಇನ್ನೂ ಹಾಸಿಗೆಯಿಂದ ಎದ್ದಿರುವುದಿಲ್ಲ.

ನಮ್ಮ ಸಮಾಜದಲ್ಲಿ ಒಬ್ಬರನ್ನೊಬ್ಬರು ಕಂಡಾಗ ಬಾಗಿ 'ಶರಣು ಶರಣಾರ್ಥಿ' ಎನ್ನುವುದು ವಾಡಿಕೆ. ಈಗ ಕೈಜೋಡಿಸಿದ ಹಳದಿ ಚಿತ್ರವೊಂದು ಆ ಕೆಲಸ ಮಾಡುತ್ತದೆ. ಬೆನ್ನು ಬಾಗಬೇಕಾಗಿಲ್ಲ, ಹೆಬ್ಬೆರಳು ಬಾಗಿದರೆ ಸಾಕು. ಹೊಸ ಮನೆಯ ಗೃಹಪ್ರವೇಶಕ್ಕೂ ಅದೇ ಚಿತ್ರ, ಲಿಂಗೈಕ್ಯರಾದ ಸುದ್ದಿಗೂ ಅದೇ ಚಿತ್ರ. ಹಿರಿಯರೊಬ್ಬರು ಆಸ್ಪತ್ರೆಯಲ್ಲಿ ಅಸ್ವಸ್ಥರಾಗಿದ್ದಾರೆಂಬ ಸುದ್ದಿಗೆ ಮೆಚ್ಚುಗೆಯ ಹೆಬ್ಬೆರಳು ಎತ್ತಿದವರನ್ನೂ ನಾವು ನೋಡಿದ್ದೇವೆ. ಅವರದು ಕೆಟ್ಟ ಮನಸ್ಸಲ್ಲ. ಓದಿದ್ದೇವೆ ಎಂದು ತಿಳಿಸುವ ಸೌಜನ್ಯ. ಆದರೆ ಹಾಸಿಗೆಯಲ್ಲಿ ಮಲಗಿದ ಆ ಹಿರಿಯರಿಗೆ ಮೊಮ್ಮಗ ಅದನ್ನು ತೋರಿಸಿದಾಗ ಅವರು, "ಹೋಗಲಿ, ಇಷ್ಟು ಮಂದಿಗೆ ಸಂತೋಷವಾಯಿತಲ್ಲ" ಎಂದರು.

ಇದಕ್ಕಿಂತ ಗಂಭೀರವಾದ ಒಂದು ವಿಷಯವನ್ನು ಇಲ್ಲಿ ಹೇಳದಿದ್ದರೆ ನಾವು ಓದಿದ ಓದಿಗೆ ದ್ರೋಹವಾದೀತು. ಶರಣರ ಹೆಸರಿನಲ್ಲಿ ಅವರು ಆಡದ ಮಾತುಗಳು ಈ ಜಂಗಮವಾಣಿಯಲ್ಲಿ ಓಡಾಡುತ್ತಿವೆ. ಮೊನ್ನೆ ಭಕ್ತರೊಬ್ಬರು ಬಸವಣ್ಣನವರ ಚಿತ್ರದ ಕೆಳಗೆ ಬದುಕನ್ನು ರೈಲು ಪ್ರಯಾಣಕ್ಕೆ ಹೋಲಿಸಿದ ಮಾತೊಂದನ್ನು ನಮಗೆ ಕಳುಹಿಸಿ, "ಎಂಥ ವಚನ!" ಎಂದು ಬರೆದಿದ್ದರು. ಬಸವಣ್ಣನವರು 12ನೆಯ ಶತಮಾನದವರು. ಇದೇ ಬಂಗಾರಪೇಟೆಯ ಮೇಲೆ ಹಾಯುವ ಜೋಲಾರಪೇಟೆ–ಬೆಂಗಳೂರು ದಂಡು ರೈಲು ಹಳಿ ತೆರೆದದ್ದು 1864ರಲ್ಲಿ. ಏಳುನೂರು ವರ್ಷ ಮೊದಲೇ ಟಿಕೆಟು ತೆಗೆಸಿದ ಪುಣ್ಯ ಆ ಸಂದೇಶ ಬರೆದವರದು! ವಚನಗಳಿಗೆ ಅಂಕಿತವೆಂಬುದೊಂದಿದೆ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬವು ಅಲಂಕಾರದ ಪದಗಳಲ್ಲ. ಪತ್ರಕ್ಕೆ ಕಳುಹಿಸಿದವರ ರುಜು ಇದ್ದಂತೆ, ಇದು ಯಾರ ಅನುಭಾವದಿಂದ ಬಂದ ನುಡಿ ಎಂಬುದಕ್ಕೆ ಗುರುತು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಒಂದೊಂದು ಅಕ್ಷರವನ್ನು ತೂಗಿ ನೋಡಿ ಉಳಿಸಿಕೊಟ್ಟ ಸಂಪತ್ತದು. ಅಂಕಿತವೂ ಇಲ್ಲದ, ಆಕರವೂ ಇಲ್ಲದ ಮಾತನ್ನು ಹೆಬ್ಬೆರಳ ತುದಿಯಿಂದ ನೂರು ಮಂದಿಗೆ ದಾಟಿಸುವ ಮುನ್ನ ಮನೆಯಲ್ಲಿರುವ ವಚನ ಸಂಪುಟವನ್ನೊಮ್ಮೆ ತೆರೆಯಿರಿ. ಧೂಳು ಹಾರಿದರೆ ಸೀನು ಬಂದೀತು; ಅಷ್ಟೇ ನಷ್ಟ.

ಇನ್ನು ನಾವು ಇಳಿದುಕೊಂಡಿದ್ದ ಮನೆಯ ತಾಯಿಯ ವಿಷಯ. ವಯಸ್ಸು ಎಪ್ಪತ್ತರ ಮೇಲೆ. ಅವರ ಯಜಮಾನರು ಗಣಿಯ ಲೆಕ್ಕದ ಕಚೇರಿಯಲ್ಲಿದ್ದವರು, ಈಗ ಲಿಂಗೈಕ್ಯರು. ಗಣಿ ಮುಚ್ಚಿದ ಮೇಲೆ ಸಂಸಾರ ಬಂಗಾರಪೇಟೆಯ ನಿಲ್ದಾಣದ ಹತ್ತಿರಕ್ಕೆ ಬಂತು. ಮಗನಿಗೆ ವೈಟ್‌ಫೀಲ್ಡಿನ ಕಡೆ ಕಾರ್ಖಾನೆಯಲ್ಲಿ ಕೆಲಸ, ದಿನವೂ ರೈಲು. ಪೂಜೆ ಮುಗಿಸಿ ಕುಳಿತ ನಮ್ಮನ್ನು ಆ ತಾಯಿ ಮೊದಲ ದಿನವೇ ಕೇಳಿದ ಪ್ರಶ್ನೆಯಿದು: "ಶಾಸ್ತ್ರಿಗಳೇ, ಈ ಫೋನಿನ ಹುಡುಗಿ ವ್ಯಾಪ್ತಿ ಪ್ರದೇಶದ ಹೊರಗೆ ಇದ್ದಾರೆ ಅಂತಾಳಲ್ಲ, ಅದು ಎಷ್ಟು ಅಡಿ ಕೆಳಗೆ?"

ನಾವು ನಕ್ಕೆವು. ಆಕೆ ನಗಲಿಲ್ಲ. ಗಣಿಯ ಊರಿನಲ್ಲಿ ಬಾಳಿದವರಿಗೆ ದೂರವೆಂಬುದು ಅಡ್ಡಕ್ಕಲ್ಲ, ಆಳಕ್ಕೆ ಅಳೆಯುವ ವಸ್ತು ಎಂಬುದು ನಮಗೆ ಹೊಳೆದದ್ದು ಆಮೇಲೆ. ಆಕೆ ಹೇಳಿದರು: ಆಗ ಊರೆಲ್ಲ ಸೈರನ್ನಿನ ಮೇಲೆ ನಡೆಯುತ್ತಿತ್ತು. ಸೈರನ್ ಕೂಗಿದರೆ ಪಾಳಿ ಬದಲು. ಒಲೆಯ ಮೇಲೆ ಅನ್ನಕ್ಕೆ ನೀರಿಡುವುದೂ ಅದೇ ಲೆಕ್ಕದಲ್ಲಿ. ಶಾಫ್ಟಿನಲ್ಲಿ ಮನುಷ್ಯರನ್ನು ಇಳಿಸಿ ಏರಿಸುವ ಪಂಜರಕ್ಕೆ ಗಂಟೆಯ ಸನ್ನೆ. ಇಷ್ಟು ಬಾರಿ ಬಾರಿಸಿದರೆ ಮೇಲಕ್ಕೆ, ಇಷ್ಟು ಬಾರಿ ಕೆಳಕ್ಕೆ. ಒಳಗಿರುವುದು ಕಲ್ಲಲ್ಲ, ಮನುಷ್ಯರು ಎನ್ನುವುದಕ್ಕೆ ಬೇರೆಯೇ ಎಣಿಕೆ. ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆಗಳು ನಡುಗಿ ಗೂಡಿನ ಪಾತ್ರೆ ಉರುಳುತ್ತಿದ್ದವು. ಆಗ ಹೆಂಗಸರೆಲ್ಲ ಕೆಲಸ ಬಿಟ್ಟು ಶಾಫ್ಟಿನ ಬಾಯಿಗೆ ಓಡಿ ನಿಲ್ಲುತ್ತಿದ್ದರು. "ನಮ್ಮವರು ಕಚೇರಿಯಲ್ಲಿದ್ದರು, ಇಳಿಯುವವರಲ್ಲ. ಆದರೂ ನಾನು ಹೋಗಿ ನಿಲ್ಲುತ್ತಿದ್ದೆ. ಪಕ್ಕದ ಮನೆಯಾಕೆ ಒಬ್ಬಳೇ ನಿಲ್ಲಬಾರದಲ್ಲ" ಎಂದರು.

ಆ ಗಂಟೆಯ ಲೆಕ್ಕವನ್ನು ಆಕೆ ಈಗ ಮಿಸ್ಡ್ ಕಾಲಿಗೆ ಹೊಂದಿಸಿದ್ದರು. ಮಗ ಸಂಜೆ ರೈಲು ಹತ್ತಿದಾಗ ಒಂದು ಬಾರಿ ಬಡಿದು ನಿಲ್ಲಿಸಬೇಕು. ಬಂಗಾರಪೇಟೆಯಲ್ಲಿ ಇಳಿದಾಗ ಎರಡು. ತಡವಾದರೆ ಮೂರು. ಈಗ ಕರೆಗೆ ಪ್ರತ್ಯೇಕ ಕಾಸಿಲ್ಲ, ಮಾತನಾಡಿಯೇ ಹೇಳಬಹುದೆಂದು ಸೊಸೆ ಹೇಳಿ ಸೋತಿದ್ದಳು. "ಮಾತನಾಡಿದರೆ ಅವನು ಸುಳ್ಳು ಹೇಳಬಹುದು, ಗಂಟೆ ಹೇಳುವುದಿಲ್ಲ" ಎಂಬುದು ಅತ್ತೆಯ ವಾದ. ಮೂರು ಸಂಜೆ ನಾವೂ ಜಪಮಣಿಯೊಡನೆ ಆ ಗಂಟೆಗಳನ್ನು ಎಣಿಸಿದೆವು.

ನಾಲ್ಕನೆಯ ಸಂಜೆ ಒಂದು ಗಂಟೆ ಬಂತು. ಎರಡು ಬರಲಿಲ್ಲ.

ರೈಲು ಬಂದು ಹೋದ ಸದ್ದು ಮನೆಗೇ ಕೇಳಿಸಿತು. ಅರ್ಧ ಗಂಟೆಯಾಯಿತು, ಮುಕ್ಕಾಲಾಯಿತು. ಕರೆ ಮಾಡಿದರೆ ಆ ಹುಡುಗಿ ಮೂರು ಭಾಷೆಗಳಲ್ಲಿ ವ್ಯಾಪ್ತಿ ಪ್ರದೇಶದ ಮಾತನ್ನೇ ಒಪ್ಪಿಸಿದಳು. ಸೊಸೆ ಗಾಬರಿಯಿಂದ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಗಂಡ ಇನ್ನೂ ಬಂದಿಲ್ಲ, ಫೋನೂ ಸಿಗುತ್ತಿಲ್ಲ, ಯಾರಾದರೂ ಕಂಡಿರಾ ಎಂದು ಅವನ ಚಿತ್ರದೊಡನೆ ಬರೆದಳು. ಕ್ಷಣಾರ್ಧದಲ್ಲಿ ಉತ್ತರಗಳು ಬರತೊಡಗಿದವು. ಕೈಜೋಡಿಸಿದ ಹಳದಿ ಚಿತ್ರ ಒಂದು, ಎರಡು, ಹತ್ತು. ಬಳಿಕ ದೂರದ ಊರಿನ ಬಂಧುವೊಬ್ಬರು ಚಿತ್ರವನ್ನಷ್ಟೇ ನೋಡಿ, ಬರೆದುದನ್ನು ಓದದೆ, 'ಆತ್ಮಕ್ಕೆ ಚಿರಶಾಂತಿ ದೊರೆಯಲಿ' ಎಂದರು. ಅವರನ್ನು ನೋಡಿ ಇನ್ನಿಬ್ಬರು ಅದನ್ನೇ ಬರೆದರು. ಆ ಹೆಣ್ಣುಮಗಳು ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ನಾವು ಇಷ್ಟು ಹೊತ್ತು ನಕ್ಕು ಬರೆದ ಸಂಗತಿಯೇ ಅದು. ಅಂದು ನಗು ಬರಲಿಲ್ಲ.

ತಾಯಿ ಏನನ್ನೂ ಕೇಳಲಿಲ್ಲ. ಸೆರಗು ಹೊದ್ದು, ಕೋಲು ಹಿಡಿದು ನಿಲ್ದಾಣದ ಕಡೆಗೆ ಹೊರಟರು. ನಾವೂ ಹುಡುಗನೂ ಹಿಂದೆ ಹೋದೆವು. ಪ್ಲಾಟ್‌ಫಾರಂನ ದೀಪದ ಕೆಳಗೆ, ಹಳಿಯ ಕಡೆಗೆ ಮುಖಮಾಡಿ ಆಕೆ ನಿಂತ ರೀತಿಯನ್ನು ನೋಡಿ, ಐವತ್ತು ವರ್ಷಗಳ ಹಿಂದೆ ಶಾಫ್ಟಿನ ಬಾಯಲ್ಲಿ ಹೇಗೆ ನಿಲ್ಲುತ್ತಿದ್ದರೆಂಬುದನ್ನು ನಾವು ಊಹಿಸಿಕೊಂಡೆವು. ಕುಳಿತುಕೊಳ್ಳಿರೆಂದರೆ ಕೂರಲಿಲ್ಲ.

ಹತ್ತು ನಿಮಿಷ ಕಳೆದಿರಬಹುದು. ಸ್ಟೇಷನ್ನಿನ ಕೊಠಡಿಯಿಂದ ನೌಕರರೊಬ್ಬರು ಹೊರಬಂದು ಆಚೀಚೆ ನೋಡಿ, ನೇರವಾಗಿ ಆಕೆಯ ಬಳಿಗೆ ಬಂದರು. "ಅಮ್ಮಾ, ಮಗನಿಗೆ ಕಾಯುತ್ತಿರುವವರು ನೀವೇನಾ? ಮಾರಿಕುಪ್ಪಂನಿಂದ ಫೋನ್ ಬಂದಿದೆ. ನಿದ್ದೆ ಹತ್ತಿ ಕೊನೆಯ ನಿಲ್ದಾಣಕ್ಕೇ ಹೋಗಿಬಿಟ್ಟಿದ್ದಾರೆ. ಚೆನ್ನಾಗಿದ್ದಾರೆ, ಆಟೋದಲ್ಲಿ ಬರುತ್ತಾರಂತೆ."

ತಾಯಿ ಒಂದು ನಿಟ್ಟುಸಿರು ಬಿಟ್ಟು, ಹುಡುಗನ ಹೆಗಲು ಹಿಡಿದು, "ಸದ್ಯ, ಮೇಲೇ ಇದ್ದಾನೆ" ಎಂದರು.

ಮಗ ಮನೆಗೆ ಬಂದ ಮೇಲೆ ವಿವರ ತಿಳಿಯಿತು. ದಿನವಿಡೀ ದುಡಿದ ದಣಿವು, ಬಂಗಾರಪೇಟೆಯಲ್ಲಿ ಎಚ್ಚರವಾಗಲಿಲ್ಲ. ಮಾರಿಕುಪ್ಪಂನಲ್ಲಿ ಎದ್ದರೆ ಫೋನಿನ ಬ್ಯಾಟರಿ ಸತ್ತಿತ್ತು. ಸಹಪ್ರಯಾಣಿಕರೊಬ್ಬರು ತಮ್ಮ ಫೋನು ಕೊಟ್ಟು ಮನೆಗೆ ತಿಳಿಸಿ ಎಂದರು. ಆಗ ಅವನಿಗೆ ಗೊತ್ತಾದದ್ದು, ತನಗೆ ತಾಯಿಯ ನಂಬರಾಗಲಿ ಹೆಂಡತಿಯ ನಂಬರಾಗಲಿ ಬಾಯಿಗೆ ಬಾರದೆಂದು! ಹತ್ತಾರು ವರ್ಷಗಳಿಂದ ಹೆಸರು ಒತ್ತಿದ್ದಾನೆಯೇ ಹೊರತು ಅಂಕಿ ಒತ್ತಿಲ್ಲ. ನೆನಪಿಗೆ ಬಂದದ್ದು ಚಿಕ್ಕಂದಿನ ಮನೆಯ ಸ್ಥಾವರ ಫೋನಿನ ನಂಬರೊಂದೇ. ಅದನ್ನು ಎಂದೋ ಇಲಾಖೆಗೆ ಮರಳಿಸಿಯಾಗಿತ್ತು. ಕೊನೆಗೆ ಸ್ಟೇಷನ್ನಿನವರ ಬಳಿ ಹೋಗಿ, "ಬಂಗಾರಪೇಟೆ ಸ್ಟೇಷನ್ನಿಗೆ ಹೇಳಿ ಸ್ವಾಮಿ, ನಮ್ಮ ತಾಯಿ ಪ್ಲಾಟ್‌ಫಾರಂ ಮೇಲೆ ಬಂದು ನಿಂತಿರುತ್ತಾರೆ" ಎಂದನಂತೆ.

ಮಗನಿಗೆ ತಾಯಿಯ ನಂಬರು ಗೊತ್ತಿರಲಿಲ್ಲ. ತಾಯಿ ಎಲ್ಲಿ ನಿಂತಿರುತ್ತಾರೆಂಬುದು ಗೊತ್ತಿತ್ತು.

ಅಂದು ರಾತ್ರಿ ನಮಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ನಮ್ಮನ್ನು ನಾವೇ ಪರೀಕ್ಷಿಸಿಕೊಂಡೆವು. ನೂರಾರು ವಚನಗಳು ಬಾಯಿಗೆ ಬರುತ್ತವೆ, ಸಂಸ್ಕೃತ ಶ್ಲೋಕಗಳು ಬರುತ್ತವೆ. ಆದರೆ ನಮ್ಮ ಸ್ವಂತ ತಮ್ಮನ ಫೋನ್ ನಂಬರು ಬರಲಿಲ್ಲ. ನೆನಪಿದ್ದದ್ದು ನಾವು ಓದಿದ ಮಠದ ಹಳೆಯ ಫೋನಿನ ಮೂರಂಕಿಯ ನಂಬರು ಮಾತ್ರ. ಮೂರು ಅಂಕಿ ತಿರುಗಿಸಿದರೆ ಒಬ್ಬ ಮನುಷ್ಯ ಎತ್ತಿಕೊಂಡು "ಯಾರು?" ಎನ್ನುತ್ತಿದ್ದ ಕಾಲವದು. ಬೆಳಗಾದ ಮೇಲೆ ತಮ್ಮನ ಹತ್ತಂಕಿಗಳನ್ನು ಪೂಜೆಗೆ ಮೊದಲು ಐದು ಸಲ, ಪೂಜೆಯ ಬಳಿಕ ಐದು ಸಲ ಹೇಳಿಕೊಂಡೆವು. ಅಂಕಿ ಕಲಿತ ಸಂತೋಷಕ್ಕೆ ಅವನಿಗೇ ಕರೆ ಮಾಡಿದೆವು. ಅವನು ಗಾಬರಿಯಿಂದ, "ಏನಣ್ಣಾ, ಇಷ್ಟು ಬೆಳಿಗ್ಗೆ? ಯಾರಿಗೇನಾಯಿತು?" ಎಂದ. ತಂತಿಯ ಕಾಲದ ಅಭ್ಯಾಸ ನೋಡಿ, ರಕ್ತದಿಂದ ಹೋಗುವುದಿಲ್ಲ. "ಏನೂ ಆಗಿಲ್ಲ, ಸುಮ್ಮನೆ ಮಾತನಾಡಿಸಬೇಕೆನಿಸಿತು" ಎಂದೆವು. ಆ ಕಡೆ ಸ್ವಲ್ಪ ಹೊತ್ತು ಮೌನವಿತ್ತು. ಬಳಿಕ ಅರ್ಧ ಗಂಟೆ ಮಾತನಾಡಿದೆವು.

ನಾವು ಯಂತ್ರವನ್ನು ದೂಷಿಸುವವರಲ್ಲ. ಆ ರಾತ್ರಿ ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಸುದ್ದಿ ಬಂದದ್ದೂ ಒಂದು ಫೋನಿನಿಂದಲೇ. ಆದರೆ ಆ ಫೋನಿನ ತುದಿಯಲ್ಲಿ ಹೊರಗೆ ಬಂದು ತಾಯಿಯನ್ನು ಹುಡುಕಿದ ಒಬ್ಬ ಮನುಷ್ಯನಿದ್ದ. ಸುದ್ದಿಯನ್ನು ಓದಿ, ಅರಿತು, ಯಾರಿಗೆ ಮುಟ್ಟಿಸಬೇಕೋ ಅವರಿಗೆ ಮುಟ್ಟಿಸಿದ. ಹಿಂದಿನ ಜಂಗಮರು ಮಾಡುತ್ತಿದ್ದುದೂ ಅದನ್ನೇ.

ಹೊರಡುವ ದಿನ ಆ ತಾಯಿ ಮಗನ ಪಾಕೀಟಿನಲ್ಲಿ ಒಂದು ಚೀಟಿ ಇಡುತ್ತಿದ್ದರು. ಮನೆಯ ಮೂವರ ನಂಬರುಗಳನ್ನು ಮೊಮ್ಮಗನ ಕೈಲಿ ದಪ್ಪಕ್ಷರದಲ್ಲಿ ಬರೆಸಿದ್ದರು. ಗಂಟೆಯ ಲೆಕ್ಕವೂ ತಿದ್ದುಪಡಿಯಾಗಿತ್ತು. ಮಾಲೂರಿನಲ್ಲಿ ಇನ್ನು ಮೇಲೆ ಆಕೆಯೇ ಮಗನಿಗೆ ಒಂದು ಗಂಟೆ ಬಾರಿಸುವರಂತೆ, ಅವನು ಎಚ್ಚರವಾಗಿರಲೆಂದು. ವಾಚಕ ಬಂಧುಗಳೇ, ಇಂದು ರಾತ್ರಿ ಊಟದ ಬಳಿಕ ಮನೆಯವರೆಲ್ಲ ಕುಳಿತು ಒಬ್ಬರ ನಂಬರನ್ನೊಬ್ಬರು ಬಾಯಿಪಾಠ ಒಪ್ಪಿಸಿರಿ. ತಪ್ಪಿದವರಿಗೆ ಶಿಕ್ಷೆಯಾಗಿ ಬಂಗಾರಪೇಟೆಯ ಪಾನಿಪುರಿ ತಿನ್ನಿಸಬಹುದು; ನಮ್ಮ ಅನುಭವದಲ್ಲಿ ಅದಕ್ಕಿಂತ ನೆನಪುಳಿಯುವುದು ಇನ್ನೊಂದಿಲ್ಲ.

ಶರಣು ಶರಣಾರ್ಥಿ.